‘ಕುಂದ್ರು’ ಅಂದರೆ ತಿಳಿಯುವ ಮಗುವಿಗೆ ‘ಸಿಟ್ ಡೌನ್’ ಯಾಕೆ?



ಬ್ಯಾಡಗಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕು ವರ್ಷದ ಮಗು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ನೀರು ಬೇಕಾದರೆ ಅವ್ವನ ಕೈ ಹಿಡಿದು ಕೊಡದ ಹತ್ತಿರ ಎಳೆಯುತ್ತದೆ. ಅವ್ವನಿಗೆ ತಿಳಿಯದಿದ್ದರೆ ನೆಲಕ್ಕೆ ಬಿದ್ದು ಚೀರುತ್ತದೆ. ವೈದ್ಯರು ಆಟಿಸಂ ಅಂದಿದ್ದಾರೆ. ಓಣಿಯವರು ‘ತಾಯಿ ಸರಿಯಾಗಿ ಬೆಳೆಸಿಲ್ಲ’ ಅನ್ನುತ್ತಾರೆ. ಸುಳ್ಳು! ಇದು ತಾಯಿಯ ತಪ್ಪಲ್ಲ, ದೇವರ ಶಾಪವೂ ಅಲ್ಲ. ಆ ಮಗುವಿನ ಮಿದುಳು ಬೆಳೆಯುವ ರೀತಿಯೇ ಬೇರೆ, ಅಷ್ಟೆ.

ಇಂಥ ಮಕ್ಕಳಿಗೆ ನಡವಳಿಕೆ ತರಬೇತಿ ಇದೆ. ಬಿಹೇವಿಯರ್ ಥೆರಪಿ ಅನ್ನುತ್ತಾರೆ. ಮಗು ಯಾಕೆ ಚೀರುತ್ತದೆ ಎಂದು ಮೊದಲು ಹುಡುಕಬೇಕು. ನೀರಿಗಾಗಿ ಎಂದು ಗೊತ್ತಾದರೆ, ಚೀರುವ ಬದಲು ಲೋಟ ತೋರಿಸಲು, ‘ನೀರು’ ಅನ್ನಲು ಕಲಿಸಬೇಕು. ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಬೇಕು. ಒಂದು ಮೆಟ್ಟಿಲು ಹತ್ತಿದ ಕೂಡಲೇ ನೀರು ಕೊಟ್ಟು ‘ಭೇಷ್’ ಅನ್ನಬೇಕು. 1960ರ ದಶಕದಲ್ಲಿ ಅಮೆರಿಕದಲ್ಲಿ ಇದರ ಹೆಸರಿನಲ್ಲೇ ಮಕ್ಕಳಿಗೆ ಹೊಡೆದದ್ದೂ ಉಂಟು, ಕರೆಂಟ್ ಶಾಕ್ ಕೊಟ್ಟದ್ದೂ ಉಂಟು. ಇಂದಿನ ಒಳ್ಳೆಯ ತರಬೇತಿ ಆಟದೊಳಗೇ ನಡೆಯುತ್ತದೆ. ಹೊಡೆಯುವ ಸೆಂಟರ್ ಕಂಡರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ.

ಈಗ ಕೇಳಿ, ಈ ತರಬೇತಿ ಯಾವ ಭಾಷೆಯಲ್ಲಿ? ರಾಣೆಬೆನ್ನೂರಿನ ಅಪ್ಪನೊಬ್ಬ ಒಂದು ದಿನದ ದುಡಿಮೆ ಬಿಟ್ಟು, ಮಗುವನ್ನು ಹೊತ್ತು ದೊಡ್ಡ ಊರಿನ ಬಸ್ಸು ಹತ್ತುತ್ತಾನೆ. ಅಲ್ಲಿ ‘ಸಿಟ್ ಡೌನ್’, ‘ಲುಕ್ ಅಟ್ ಮಿ’. ಮನೆಯಲ್ಲಿ ಅದು ಕೇಳಿದ್ದು ‘ಕುಂದ್ರು’, ‘ಇಲ್ಲೆ ನೋಡು’. ಮಗು ಸುಮ್ಮನಿದ್ದರೆ ಕಲಿಯಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ಕಲಿಯಲಿಲ್ಲವೋ, ತಿಳಿಯಲಿಲ್ಲವೋ? ಮೇಲೆ ಒಂದು ಉಪದೇಶ: ‘ಎರಡು ಭಾಷೆಯಿಂದ ಮಗುವಿಗೆ ಗೊಂದಲ, ಮನೆಯಲ್ಲೂ ಇಂಗ್ಲಿಷ್ ಆಡಿ.’ ಇಂಗ್ಲಿಷ್ ಬಾರದ ಅವ್ವ ಏನು ಮಾಡಬೇಕು? ತನ್ನ ಮಗುವಿನೆದುರು ಬಾಯಿ ಮುಚ್ಚಿಕೊಂಡಿರಬೇಕೇ?

ಈ ಉಪದೇಶಕ್ಕೆ ಆಧಾರವಿಲ್ಲ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳು ಅದರಿಂದ ಹಿಂದೆ ಬೀಳಲಿಲ್ಲ ಎಂದು 2012ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದರು. 2011ರಲ್ಲಿ ಅಮೆರಿಕದಿಂದ ಇನ್ನೊಂದು ಅಧ್ಯಯನ ಬಂತು. ಸ್ಪ್ಯಾನಿಷ್ ಮನೆಮಾತಿನ ಆಟಿಸಂ ಮಗುವೊಂದಕ್ಕೆ ಅದೇ ಪಾಠವನ್ನು ಎರಡೂ ಭಾಷೆಯಲ್ಲಿ ಮಾಡಿದರು. ಸ್ಪ್ಯಾನಿಷ್‌ನಲ್ಲಿ ಸರಿಯುತ್ತರ ಹೆಚ್ಚು, ರಂಪ ಕಡಿಮೆ! ಒಂದೇ ಮಗುವಿನ ಅಧ್ಯಯನ, ನಿಜ. ಆದರೆ ಯಾವ ಅವ್ವನಿಗೆ ಇದು ಹೊಸ ಮಾತು?

ಇಂಗ್ಲಿಷ್ ವಿಷವೆಂದು ನಾವು ಹೇಳುತ್ತಿಲ್ಲ. ಮನೆಯ ಮಾತು ಮೊದಲು ಎನ್ನುತ್ತಿದ್ದೇವೆ. ವಾರಕ್ಕೆರಡು ಗಂಟೆ ಸೆಂಟರ್, ಉಳಿದದ್ದೆಲ್ಲ ಮನೆ. ಅವ್ವ, ಅಪ್ಪ, ಅಜ್ಜಿ ಕಲಿಸದೆ ಯಾವ ತರಬೇತಿಯೂ ನಿಲ್ಲುವುದಿಲ್ಲ.

ಕನ್ನಡಕ್ಕಾಗಿ 1982ರಲ್ಲಿ ನಾಡನ್ನೇ ಬೀದಿಗಿಳಿಸಿದ ವರದಿಯ ವಿ.ಕೃ. ಗೋಕಾಕರು ಹಾವೇರಿ ಜಿಲ್ಲೆಯ ಸವಣೂರಿನವರು. 2023ರ ಜನವರಿಯಲ್ಲಿ ಹಾವೇರಿಯಲ್ಲೇ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಅಂಥ ನೆಲದ ಮಗುವಿಗೆ ತನ್ನ ಮಾತಿನಲ್ಲಿ ‘ನೀರು’ ಕೇಳುವ ಹಕ್ಕಿಲ್ಲವೇ?

ಗೆಳೆಯರೇ, ಕೆಲಸವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿಗೆ ವರ್ಷಕ್ಕೆರಡು ಸಲ ವೈದ್ಯರ ತಂಡ ಬರಬೇಕು, ಜಿಲ್ಲೆಗೊಂದು ಚಿಕಿತ್ಸಾ ಕೇಂದ್ರ ಇರಬೇಕು. ನಿಮ್ಮೂರಿನ ಅಂಗನವಾಡಿಗೆ ತಂಡ ಬಂತೇ? ಕನ್ನಡದಲ್ಲಿ ತರಬೇತಿ ಕೊಡುವವರು ಇದ್ದಾರೆಯೇ? ಹೋಗಿ ಕೇಳಿ, ಅರ್ಜಿ ಕೊಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ಬೆಂಗಳೂರಿನಲ್ಲೋ ಓದುವವರು ನೀವಾದರೆ, ರೊಟ್ಟಿ, ಚಕ್ಕಡಿ, ಮೆಣಸಿನಕಾಯಿಯ ಚಿತ್ರವಿರುವ ಕನ್ನಡ ಕಾರ್ಡು ಮಾಡಿ ನಿಮ್ಮೂರಿಗೆ ಕಳಿಸಿ.

ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಅರ್ಧ ಗಂಟೆ ಸಾಕು. ಇದಕ್ಕೆ ವರ್ಷಗಳೇ ಬೇಕು. ಇಂದೇ ಶುರು ಮಾಡೋಣ.