ಕಳೆಗೆ ಬಾಟ್ಲಿ, ಬಾಟ್ಲಿಗೆ ಸಾಲ

ದೆಹಲಿಯಲ್ಲಿ ಚಳಿ ಶುರುವಾಯ್ತು ಅಂದ್ರೆ ನನಗೆ ಕರ್ನಾಲ್ ನೆನಪಾಗುತ್ತೆ. 1994ರಲ್ಲಿ ಆ ಕಡೆಯ ಒಂದು ಹಳ್ಳಿ ಶಾಖೆಗೆ ನನ್ನನ್ನು ಎತ್ತಿಹಾಕಿದ್ರು. ಹಾಸನದ ರಾಗಿ ಹೊಲ ನೋಡಿ ಬೆಳೆದವನು, ಓದಿದ್ದು ಬಿ.ಕಾಂ. ಬೆಳೆ ತಪಾಸಣೆಗೆ ಹೋದಾಗ ರೈತರೊಬ್ಬರು ಎರಡು ಸಸಿ ಕಿತ್ತು ಕೈಗಿಟ್ರು. ಎರಡೂ ಒಂದೇ ಥರ! "ಬುಡ ನೋಡಿ ಸಾಬ್" ಅಂದ್ರು. ಒಂದರ ಬುಡ ಕೆಂಪಗಿತ್ತು. ಅದೇ ಗುಲ್ಲಿ ದಂಡಾ (ಮಂಡೂಸಿ ಅಂತಾನೂ ಅಂತಾರೆ, ವಿಜ್ಞಾನಿಗಳಿಗೆ ಫಲಾರಿಸ್ ಮೈನರ್). ಇನ್ನೊಂದು ಗೋಧಿ. ಆ ಸಲ ಕಳೆ ಎಷ್ಟು ದಟ್ಟವಾಯ್ತು ಅಂದ್ರೆ, ಅವರು ಹಸಿರು ಗೋಧಿಯನ್ನೇ ಕೊಯ್ದು ಎಮ್ಮೆಗಳಿಗೆ ಹಾಕಿದ್ರು. ನಮ್ಮ ಬೆಳೆಸಾಲ ಎಮ್ಮೆ ಹೊಟ್ಟೆಗೆ!

ಔಷಧಿ ಹೊಡೆದಿರಲಿಲ್ವಾ? ಹೊಡೆದಿದ್ರು ಸ್ವಾಮಿ. ವರ್ಷ ವರ್ಷವೂ ಅದೇ ಐಸೋಪ್ರೊಟ್ಯೂರಾನ್. ಎಷ್ಟೋ ಜನ ಯೂರಿಯಾ ಜೊತೆ ಕಲಸಿ ಕೈಯಲ್ಲೇ ಎರಚೋರು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಅರ್ಧ. ಅರ್ಧ ಡೋಸ್ ತಿಂದೂ ಬದುಕಿದ ಹುಲ್ಲು ಗೋಧಿ ಕಟಾವಿಗೆ ಮೊದಲೇ ಬೀಜ ಉದುರಿಸುತ್ತೆ. ಹೀಗೆ ವರ್ಷಗಟ್ಟಲೆ ನಡೆದು, ಔಷಧಿಯನ್ನು ಒಡಲೊಳಗೇ ಅರಗಿಸಿಕೊಳ್ಳೋ ತಳಿಯನ್ನು ನಾವೇ ಬೆಳೆಸಿದ್ವಿ. 1990ರ ದಶಕದ ಆರಂಭದಲ್ಲೇ ಹಿಸಾರ್ ಕೃಷಿ ವಿಶ್ವವಿದ್ಯಾಲಯದವರು ಇದನ್ನು ಪತ್ತೆ ಮಾಡಿದ್ರು.

ಪರಿಹಾರ ಏನು ಬಂತು? ಹೊಸ ಬಾಟ್ಲಿ. 1997-98ರ ಸುಮಾರಿಗೆ ಕ್ಲೋಡಿನಾಫಾಪ್, ಫೆನಾಕ್ಸಾಪ್ರಾಪ್, ಸಲ್ಫೋಸಲ್ಫ್ಯುರಾನ್ ಬಂದ್ವು. ಹುಲ್ಲು ಸತ್ತಿತು, ಎಲ್ಲರಿಗೂ ಖುಷಿ. ಮತ್ತೆ ಅದೇ ಚಾಳಿ. ಮುಂದೆ ಅವಕ್ಕೂ ಜಗ್ಗದ ಗುಲ್ಲಿ ದಂಡಾ ಎದ್ದು ನಿಂತಿತು! ಈಗಲೂ "ಇನ್ನೂ ಒಳ್ಳೇ ಔಷಧಿ ಬೇಕು" ಅನ್ನೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ನಾನು ಔಷಧಿಯ ವಿರೋಧಿ ಅಲ್ಲ (ಕೂಲಿಯವರು ಸಿಗದ ಕಡೆ ಕಳೆ ಕೀಳೋರು ಯಾರು?). ಹುಲ್ಲು ಎಳೆಯದಿರುವಾಗ, ಸರಿಯಾದ ನಾಜಲ್ ಹಾಕಿ, ಪೂರ್ತಿ ಡೋಸ್ ಹೊಡೀಲಿ. ಬೇರೆ ರೀತಿ ಕೊಲ್ಲೋ ಔಷಧಿಗೆ ಆಗಾಗ ಬದಲಾಯಿಸ್ಲಿ. ಆದ್ರೆ ಅದಕ್ಕೆ ಜೊತೆ ಬೇಕು. ಭತ್ತ ಕೊಯ್ದ ಗದ್ದೆಯನ್ನು ಉಳದೆ, ಬೇಗ ಗೋಧಿ ಬಿತ್ತಿದ್ರೆ ಈ ಕಳೆ ಕಡಿಮೆ ಅಂತ ಹರಿಯಾಣದ ಹೊಲಗಳಲ್ಲೇ ಕಂಡಿದ್ದಾರೆ. ಒಂದು ವರ್ಷ ಬರ್ಸೀಮ್ ಮೇವು ಹಾಕಿದ್ರೆ, ಮೇವಿನ ಜೊತೆ ಗುಲ್ಲಿ ದಂಡಾನೂ ಬೀಜ ಕಟ್ಟುವ ಮೊದಲೇ ಕೊಯ್ದು ಹೋಗುತ್ತೆ. ಖರ್ಚೇ ಇಲ್ಲದ ಕಳೆ ಔಷಧಿ!

ಮತ್ತೆ ಯಾಕೆ ಮಾಡಲ್ಲ? ರೈತರಿಗೆ ಬುದ್ಧಿಯಿಲ್ಲ ಅಂತ ಎಸಿ ರೂಮಲ್ಲಿ ಕೂತು ಹೇಳೋದು ಸುಲಭ. ಸರ್ಕಾರ ಅಲ್ಲಿ ಖಾತ್ರಿಯಾಗಿ ಕೊಳ್ಳೋದು ಭತ್ತ ಮತ್ತು ಗೋಧಿ. ಸಾಲದ ಲೆಕ್ಕವೂ ಅದರ ಹಿಂದೆಯೇ. ಮರುವರ್ಷ ಅದೇ ರೈತರು ಬಂದು, "ಅರ್ಧ ಜಮೀನಿಗೆ ಬರ್ಸೀಮ್ ಹಾಕ್ತೀನಿ ಸಾಬ್, ಹುಲ್ಲು ಹೋಗಲಿ" ಅಂದ್ರು. ನಾನು ಪಟ್ಟಿ ತೆಗೆದು, ಎಕರೆಗೆ ಗೋಧಿಗಾದ್ರೆ ಜಾಸ್ತಿ ಸಾಲ ಸಿಗುತ್ತೆ, ಔಷಧಿ ಖರ್ಚೂ ಅದರಲ್ಲೇ ಬರುತ್ತೆ ಅಂತ ತಿಳಿಸಿ ಹೇಳಿದೆ. ಅವರಿಗೆ ಹಳೇ ಬಾಕಿ ಬೇರೆ ಇತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಪೂರ್ತಿ ಜಮೀನಿಗೂ ಗೋಧಿ ಅಂತಲೇ ಬರೆಸಿ ಸಹಿ ಹಾಕಿ ಹೋದ್ರು.