ಆ ಎರಡು ವರ್ಷಗಳ ನೋಟುಪುಸ್ತಕ

ಕಲಾವಿದನಿಗೆ ಏಕಾಂತ ಬೇಕೆಂಬ ಮಾತನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಾಗ ಈ ಮಾತಿಗೆ ಎಲ್ಲಿಲ್ಲದ ಬೆಲೆ ಬಂದಿತು. ಕಾಲೇಜಿಲ್ಲ, ಓಡಾಟವಿಲ್ಲ, ಇನ್ನು ಬರೆಯುವುದಕ್ಕೂ ಚಿತ್ರಿಸುವುದಕ್ಕೂ ಅಡ್ಡಿಯೇನು ಎಂದು ಹಿರಿಯರು ಕಿರಿಯರನ್ನು ಕೇಳಿದರು. ಪ್ಲೇಗಿನಿಂದ ಲಂಡನ್ನಿನ ನಾಟಕಶಾಲೆಗಳು ಮುಚ್ಚಿದ್ದಾಗ ಷೇಕ್ಸ್‌ಪಿಯರ್ ಸುಮ್ಮನೆ ಕೂರಲಿಲ್ಲವೆಂಬ ಕಥೆಯನ್ನು ಅನೇಕರು ಉಪದೇಶದಂತೆ ಹೇಳಿದರು. ನನಗೆ ಆ ಉಪದೇಶ ಅಂದೂ ರುಚಿಸಲಿಲ್ಲ, ಇಂದೂ ರುಚಿಸುವುದಿಲ್ಲ. ಭಯದ ಕೈಯಿಂದ ಬಂದ ಬಿಡುವು ಬಿಡುವಾಗುವುದು ಹೇಗೆ? ದುಡಿಮೆ ನಿಂತ ಮನೆಯ ಒಂದೇ ಕೋಣೆಯಲ್ಲಿ ಆರು ಜನ ಕುಳಿತಿರುವಾಗ ಇಪ್ಪತ್ತರ ಹರೆಯದವನಿಗೆ ದೊರೆಯುವುದು ಏಕಾಂತವೆ?

ಬೀದರ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದೇಶದಲ್ಲಿ ಕೊರೋನಾದ ಮೊದಲ ಸಾವು 2020ರ ಮಾರ್ಚ್ 10ರಂದು ಸಂಭವಿಸಿದ್ದು ನೆರೆಯ ಕಲಬುರಗಿಯ ವೃದ್ಧರೊಬ್ಬರಿಗೆ. ಹೀಗಾಗಿ ಉಳಿದ ನಾಡಿಗಿಂತ ಮೊದಲೇ ಅಂಜಿಕೆ ಇತ್ತ ಕಾಲಿಟ್ಟಿತ್ತು. ಪುಣೆ–ಹೈದರಾಬಾದ್ ಹೆದ್ದಾರಿ ಈ ಎರಡೂ ತಾಲ್ಲೂಕುಗಳನ್ನು ಹಾಯ್ದು ಹೋಗುತ್ತದೆ. ದುಡಿಯಲು ಪರಸ್ಥಳಕ್ಕೆ ಹೋಗಿದ್ದವರು ಗಂಟು ಹೊತ್ತು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಆ ದಾರಿಯಲ್ಲಿ ಮರಳಿದರು. ಸೆಪ್ಟೆಂಬರ್ 24ರಂದು ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರೇ ಈ ರೋಗಕ್ಕೆ ಬಲಿಯಾದರು. ಅವರಿಂದ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದಾಗಲೇ, ಉಪಚುನಾವಣೆ ನಡೆಯಿತು. ಸಾರ್ವಜನಿಕ ಹಬ್ಬಗಳಿಗೆ ತಡೆಯಿದ್ದ ಆ ದಿನಗಳಲ್ಲಿ ಪ್ರಚಾರಸಭೆಗೆ ಜನ ಸೇರಬಹುದಿತ್ತು. ಮುಖಕ್ಕೆ ಬಣ್ಣ ಹಚ್ಚಲು ಕಾದಿದ್ದ ನಾಟಕದ ಹುಡುಗರು ಇದನ್ನು ನೋಡಿ ಏನೆಂದುಕೊಂಡರೋ, ಅದು ಬೇರೆಯ ಮಾತು.

ಈ ಸೀಮೆಯಲ್ಲಿ ಕಲೆ ಬೆಳೆದದ್ದು ಕೂಟದಲ್ಲಿ. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಹುಮನಾಬಾದಿನ ಮಗ್ಗುಲಲ್ಲಿ ನೆಲೆಸಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹಿಂದೂಸ್ತಾನಿಯಲ್ಲಿಯೂ ಪದಗಳನ್ನು ಕಟ್ಟಿದರು. ಅವರ ಹೆಸರಿನ ಮಾಣಿಕನಗರದಲ್ಲಿ ದತ್ತಜಯಂತಿಯ ಕಾಲಕ್ಕೆ ಸೇರುವ ಸಂಗೀತ ದರಬಾರಿನಲ್ಲಿ, ಎದುರಿಗೆ ತಲೆದೂಗುವವರಿಂದಲೇ ಹಾಡುವವನ ರಾಗ ಅರಳುತ್ತದೆ. ಜಾತ್ರೆಯ ನಾಟಕವಾಗಲಿ, ಭಜನೆಯಾಗಲಿ, ಜನವಿಲ್ಲದೆ ನಡೆಯುವುದಿಲ್ಲ. ರೋಗ ಹೊಡೆದದ್ದು ನೇರವಾಗಿ ಈ ಬೇರಿಗೆ. ಹಾಡು ಕಲಿಯುತ್ತಿದ್ದ ಒಬ್ಬ ಹುಡುಗಿ ಕೆಲವು ತಿಂಗಳು ಫೋನಿನ ಮೂಲಕ ಪಾಠ ಹೇಳಿಸಿಕೊಂಡಳು. ಗುರುಗಳ ತಾಳ ಅರೆಕ್ಷಣ ತಡವಾಗಿ ಬರುತ್ತಿತ್ತು. ಇವಳ ದನಿ ಅಲ್ಲಿ ಇನ್ನೂ ಅರೆಕ್ಷಣ ತಡವಾಗಿ ಕೇಳುತ್ತಿತ್ತು. ಕೊನೆಗೆ ಪಾಠ ನಿಂತಿತು. ಅವಳ ಶ್ರದ್ಧೆಯಲ್ಲಿ ದೋಷ ಹುಡುಕುವುದು ಅನ್ಯಾಯ.

ಹಾಗಾದರೆ ಆ ದಿನಗಳಲ್ಲಿ ಸೃಷ್ಟಿ ಸಾಧ್ಯವಿರಲಿಲ್ಲವೆ? ಇತ್ತು. ಅದರ ದಾರಿಯನ್ನು ತಿಳಿಯಲು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ವಚನ ನುಡಿದವರನ್ನು ನೋಡಿ. ನುಲಿಯ ಚಂದಯ್ಯನದು ಹಗ್ಗ ಹೊಸೆಯುವ ಕಾಯಕ. ಅಂಬಿಗರ ಚೌಡಯ್ಯನದು ದೋಣಿ ನಡೆಸುವುದು. ಮೋಳಿಗೆಯ ಮಾರಯ್ಯನದು ಸೌದೆ ಹೊರುವುದು. ಲಕ್ಕಮ್ಮನ ಮನೆಯದು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಇವರಲ್ಲಿ ಯಾರಿಗೂ ಬಿಡುವೆಂಬುದಿರಲಿಲ್ಲ. ವಚನದ ಗಾತ್ರ ಕಿರಿದಾದುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ: ಕೈಗೆಲಸ ಬಿಡದೆ ನುಡಿಯಬಹುದಾದಷ್ಟು ಅದರ ಉದ್ದ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ‘ಅಯ್ಯಾ’ ಎಂದೋ ‘ಅವ್ವಾ’ ಎಂದೋ ವಚನ ಯಾರನ್ನಾದರೂ ಕರೆಯುತ್ತದೆ. ಎದುರಿಗೊಬ್ಬರು ಕೇಳುವವರಿದ್ದಾರೆಂಬ ಧೈರ್ಯ ಅದಕ್ಕಿದೆ.

ಲಾಕ್‌ಡೌನಿನ ದಿನಗಳಲ್ಲಿ ಕೈ ನಿಲ್ಲಿಸದೆ ಉಳಿದ ತರುಣರಲ್ಲಿ ನಾನು ಕಂಡದ್ದೂ ಈ ಎರಡನ್ನೇ, ಕಿರಿದಾದ ಕೆಲಸ ಮತ್ತು ಒಬ್ಬ ಕೇಳುವವನು. ಹುಮನಾಬಾದಿನ ಒಬ್ಬ ಚಿತ್ರಕಲೆಯ ವಿದ್ಯಾರ್ಥಿ ಮೊದಲ ತಿಂಗಳು ಕುಂಚವನ್ನೇ ಮುಟ್ಟಲಿಲ್ಲ. ಏಕೆಂದು ಕೇಳಿದ್ದಕ್ಕೆ, “ನೋಡೋರೇ ಇಲ್ಲಂದ್ರ ಯಾರ ಸಲುವಾಗಿ ತೆಗೀಬೇಕ್ರೀ?” ಎಂದ. ಆಮೇಲೆ ತಂದೆಯ ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುತ್ತಲೇ, ಹಳೆಯ ಬಿಲ್ಲುಗಳ ಬೆನ್ನಿನ ಮೇಲೆ, ದಿನಕ್ಕೊಂದರಂತೆ ಪೆನ್ಸಿಲಿನ ಚಿತ್ರ ತೆಗೆಯತೊಡಗಿದ. ಅಂಗಡಿಯ ಮುಂದೆ ಬಳಿದ ಸುಣ್ಣದ ವೃತ್ತಗಳು, ವೃತ್ತದೊಳಗೆ ನಿಂತವರ ಕಾಲುಗಳು, ಹೆದ್ದಾರಿಯಲ್ಲಿ ಸಾಗಿದ ಗಂಟುಗಳು. ರಾತ್ರಿ ಅದರ ಫೋಟೋ ಬಸವಕಲ್ಯಾಣದ ಗೆಳೆಯನಿಗೆ ಹೋಗುತ್ತಿತ್ತು. ಅವನು ನಾಲ್ಕು ಸಾಲು ಬರೆದು ಕಳಿಸುತ್ತಿದ್ದ. ಚಿತ್ರವೆಲ್ಲ ಚೆನ್ನಾಗಿತ್ತೆಂದು ಹೇಳಲಾರೆ, ಸಾಲುಗಳಂತೂ ಹಲವು ಸಲ ಸಪ್ಪೆಯಾಗಿದ್ದವು. ಆದರೆ ಮರುದಿನವೂ ಚಿತ್ರ ಬಂದಿತು. ಒಂದು ದಿನ ಅವನು ಜಲಸಂಗ್ವಿಯ ಬಾಲಿಕೆಯನ್ನು ನೆನಪಿನಿಂದ ತೆಗೆದ. ಹುಮನಾಬಾದ್ ತಾಲ್ಲೂಕಿನ ಆ ಚಾಲುಕ್ಯ ದೇವಾಲಯದ ಗೋಡೆಯಲ್ಲಿ ಸುಂದರಿಯೊಬ್ಬಳು ಆರನೆಯ ವಿಕ್ರಮಾದಿತ್ಯನ ಸ್ತುತಿಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ನಮ್ಮ ಹುಡುಗನ ಚಿತ್ರದಲ್ಲಿ ಅವಳ ಮೂಗು ಬಾಯಿ ಮುಚ್ಚಿದ್ದವು. ಬರೆಯುವ ಕೈ ಮಾತ್ರ ಹಾಗೆಯೇ ಇತ್ತು. ನನಗೆ ಮೆಚ್ಚುಗೆಯಾದ ಚಿತ್ರ ಅದೊಂದು.

ಇದನ್ನೆಲ್ಲ ಈಗೇಕೆ ಹೇಳುತ್ತಿದ್ದೇನೆಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ನಾವೂ ಮರೆಯುವ ಅವಸರದಲ್ಲಿದ್ದೇವೆ. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದಿತು. ಆಗ ಈ ಭಾಗ ನಿಜಾಮರ ಆಳ್ವಿಕೆಗೆ ಸೇರಿತ್ತು, ಆಡಳಿತದ ಭಾಷೆ ಉರ್ದು. ಆ ಉಪದ್ರವದಲ್ಲಿ ಹುಮನಾಬಾದಿನ ಒಬ್ಬ ಕನ್ನಡದ ಹುಡುಗ ಏನನ್ನು ಕಂಡ, ಯಾವ ಹಾಡು ಕಟ್ಟಿದ? ನಮ್ಮ ಕಪಾಟುಗಳಲ್ಲಿ ಅದಕ್ಕೆ ಉತ್ತರವಿಲ್ಲ. ಅವನು ಕಟ್ಟಲಿಲ್ಲವೆಂದು ನಾನು ನಂಬಲಾರೆ. ಕೇಳಿ ಬರೆದಿಟ್ಟುಕೊಂಡವರಿರಲಿಲ್ಲ ಎನ್ನುವುದೇ ಹೆಚ್ಚು ಸರಿ.

ವಚನಗಳ ಗತಿಯೂ ಹೀಗೇ ಆಗಬಹುದಿತ್ತು. ಕಲ್ಯಾಣದಲ್ಲಿ ಗಲಭೆಯೆದ್ದಾಗ ಶರಣರು ಚದುರಿಹೋದರು. ಚೆನ್ನಬಸವಣ್ಣನವರೊಡನೆ ಒಂದು ತಂಡ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ಸಾಗಿತೆಂಬುದು ಪರಂಪರೆಯ ಮಾತು. ಆಮೇಲೆ ಶತಮಾನಗಟ್ಟಲೆ ಎಷ್ಟೋ ಓಲೆಗರಿಗಳು ಓದುವವರಿಲ್ಲದೆ ಮನೆಮನೆಯ ಜಗುಲಿಗಳ ಮೇಲೆ ಉಳಿದವು. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಓಲೆಗರಿ ಏಳು ನೂರು ವರ್ಷ ಕಾಯಬಲ್ಲದು. ಬಿಲ್ಲಿನ ಹಾಳೆಗೆ ಆ ತಾಳ್ಮೆಯಿಲ್ಲ. ಮೊಬೈಲ್ ಫೋನಿಗಂತೂ ನಾಲ್ಕು ವರ್ಷವೇ ದೊಡ್ಡ ಆಯುಷ್ಯ.

ಆದುದರಿಂದ ಎರಡೂ ಊರುಗಳ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. 2020 ಮತ್ತು 2021ರಲ್ಲಿ ನಿಮ್ಮ ತರಗತಿಯಲ್ಲಿದ್ದವರನ್ನು ಕರೆಸಿ. ಬರೆದದ್ದು, ಗೀಚಿದ್ದು, ಹಾಡಿ ಮುದ್ರಿಸಿಕೊಂಡದ್ದು ಏನಿದ್ದರೂ ತನ್ನಿರೆನ್ನಿ. ಕನ್ನಡದ ಜೊತೆಗೆ ಮರಾಠಿ, ಉರ್ದು, ಲಂಬಾಣಿಯದೂ ಬರಲಿ. ಒಳ್ಳೆಯದು ಕೆಟ್ಟದ್ದು ಎಂದು ಈಗಲೇ ಆರಿಸಬೇಡಿ. ತಾರೀಖು ಮತ್ತು ಸ್ಥಳವನ್ನು ಅವರ ಕೈಯಿಂದಲೇ ಬರೆಯಿಸಿ, ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಕಪಾಟು ತೆರವು ಮಾಡಿಕೊಡಿ. ಆಗ ನಡುವೆಯೇ ಕೈಬಿಟ್ಟವರಿದ್ದಾರೆ; ಅವರನ್ನು ಮೊದಲು ಕರೆಯಿರಿ. ಈಗ ಅವರಿಗೆ ಇಪ್ಪತ್ತೈದರ ಮೇಲಾಗಿದೆ, ಸಂಸಾರದ ಹೊಣೆ ಬಂದಿದೆ, ತಾವಾಗಿ ಬರಲಾರರು.

ಬಿಲ್ಲಿನ ಬೆನ್ನಿನ ಮೇಲೆ ಚಿತ್ರ ತೆಗೆದವನು ಈಗ ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನಲ್ಲಿ ಲೆಕ್ಕ ಬರೆಯುತ್ತಾನೆ. ಹಾಳೆಗಳು ಎಲ್ಲಿವೆಯೆಂದು ಕೇಳಿದೆ. ಅವ್ವನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇವೆಯಂತೆ. ಕೆಲವನ್ನು ಇಲಿ ಕಡಿದಿದೆ. ಜಲಸಂಗ್ವಿಯದು ಉಳಿದಿದೆಯೋ ಇಲ್ಲವೋ, ತೆಗೆದು ನೋಡಬೇಕೆಂದ.