ಓದು ಆನ್‌ಲೈನ್, ಅಂಕಕ್ಕೆ ಮಾತ್ರ ಅಲೆದಾಟ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಝೆರಾಕ್ಸ್ ತೆಗೆಯುವ, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಸ್ಸಿಗೆ ಬರುವ ಡಿಗ್ರಿ ಹುಡುಗ ಹುಡುಗಿಯರೇ ನನ್ನ ಗಿರಾಕಿಗಳು. ರಾಜ್ಯದ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳು ನೀವು. ಪ್ರವೇಶದಿಂದ ಫಲಿತಾಂಶದವರೆಗಿನ ಕೆಲಸಕ್ಕೆಂದು ತಂದ ಯುಯುಸಿಎಂಎಸ್ ತಂತ್ರಾಂಶವೂ ನಿಮ್ಮ ಇಲಾಖೆಯದೇ. ಆದ್ದರಿಂದ ಈ ಪತ್ರವನ್ನು ಯಾವ ಕುಲಪತಿಗೂ ಬರೆಯದೆ ನಿಮಗೇ ಬರೆಯುತ್ತಿದ್ದೇನೆ.

ನನ್ನ ಕೌಂಟರಿನ ಮೇಲೆ ನಡೆಯುವುದನ್ನೇ ಹೇಳುತ್ತೇನೆ. ಒಬ್ಬಳು ವಿದ್ಯಾರ್ಥಿನಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ವೇದಿಕೆಯಲ್ಲಿ ಒಂದು ಕೋರ್ಸ್ ಮುಗಿಸಿದ್ದಾಳೆ. ಪಾಠ ಕೇಳಿದ್ದು, ಅಸೈನ್‌ಮೆಂಟ್ ಹಾಕಿದ್ದು ಮೊಬೈಲಿನಲ್ಲಿ. ಪರೀಕ್ಷೆ ಬರೆದದ್ದು ಕಂಪ್ಯೂಟರ್ ಮುಂದೆ. ಪ್ರಮಾಣಪತ್ರ ಬಂದದ್ದೂ ಆನ್‌ಲೈನಿನಲ್ಲೇ. ಇಷ್ಟಾದ ಮೇಲೆ ಅದನ್ನು ಪ್ರಿಂಟ್ ತೆಗೆಸುತ್ತಾಳೆ, ಝೆರಾಕ್ಸ್ ಮಾಡಿಸುತ್ತಾಳೆ, ಅಂಕಪಟ್ಟಿಗೆ ಸೇರಿಸಿ ಎಂಬ ಕೈಬರಹದ ಅರ್ಜಿಗೆ ಪಿನ್ ಹೊಡೆದು, "ಅಣ್ಣಾ, ಇದನ್ನ ಈಗ ಯಾರಿಗೆ ಕೊಡಬೇಕು?" ಎಂದು ಕೇಳುತ್ತಾಳೆ. ವಿಭಾಗದ ಮುಖ್ಯಸ್ಥರಿಗೋ, ಪ್ರಾಂಶುಪಾಲರಿಗೋ, ಪರೀಕ್ಷಾ ವಿಭಾಗಕ್ಕೋ? ಝೆರಾಕ್ಸ್ ಅಂಗಡಿಯವನು ಉತ್ತರ ಹೇಳಬೇಕಾದ ಪ್ರಶ್ನೆಯೇ ಇದು?

ನಿಯಮಗಳಿಗೇನೂ ಬರ ಇಲ್ಲ. ಸ್ವಯಂ ಶುರುವಾದದ್ದು 2017ರ ಜುಲೈನಲ್ಲಿ. ಅದರ ಕ್ರೆಡಿಟ್ ಒಪ್ಪಿಕೊಳ್ಳಲು ಯುಜಿಸಿ 2016ರಲ್ಲೇ ನಿಯಮ ಮಾಡಿತ್ತು. ಆಗ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 20ಕ್ಕೆ ಇದ್ದ ಅವಕಾಶ 2021ರಲ್ಲಿ ಶೇ 40ಕ್ಕೆ ಏರಿತು. ಅದೇ ವರ್ಷ ಕ್ರೆಡಿಟ್‌ಗಳನ್ನು ಜಮಾ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. ರಾಜ್ಯ ಸರ್ಕಾರ ತನ್ನ ಕಾಲೇಜುಗಳಿಗೆ ಆನ್‌ಲೈನ್ ಪಾಠದ ಎಲ್‌ಎಂಎಸ್ ಕೊಟ್ಟಿದ್ದು, ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿದ್ದು, ಯುಯುಸಿಎಂಎಸ್‌ನಲ್ಲಿ ಪ್ರವೇಶ ಆರಂಭಿಸಿದ್ದು, ಎಲ್ಲವೂ 2021ರಲ್ಲೇ. ಹೀಗೆ ಪಾಠಕ್ಕೊಂದು, ಕ್ರೆಡಿಟ್‌ಗೊಂದು, ಪರೀಕ್ಷೆಗೊಂದು ಪೋರ್ಟಲ್ ಆಯಿತು. ಇವುಗಳ ನಡುವೆ ಓಡಾಡುವ ಟಪಾಲಿನವನ ಕೆಲಸ ಮಾತ್ರ ವಿದ್ಯಾರ್ಥಿಯ ತಲೆಗೆ ಬಿತ್ತು.

ಇವನ್ನೆಲ್ಲ ಜೋಡಿಸಿ ಎಂದರೆ ತಂತ್ರಾಂಶ ಬರೆಯುವವರನ್ನು ಕರೆಸುತ್ತೀರಿ. ಕರೆಸಿ, ಬೇಡವೆನ್ನುವುದಿಲ್ಲ. ಆದರೆ ಅವರ ಕೈಲಿ ಬಗೆಹರಿಯದ ಮೂರು ಗಂಟುಗಳಿವೆ. ಅವನ್ನು ಬಿಚ್ಚಲು ಸರ್ಕಾರದ ಆದೇಶವೇ ಬೇಕು.

ಮೊದಲನೆಯದು ಹೆಸರು. ನಮ್ಮ ಸೀಮೆಯಲ್ಲಿ ಚೇಳ್ಳಗುರ್ಕಿಯ ಸಂತ ಎರ್ರಿತಾತನ ಹೆಸರಿಟ್ಟುಕೊಂಡವರು ಓಣಿ ಓಣಿಗೂ ಸಿಗುತ್ತಾರೆ. ಒಬ್ಬ ಎರ್ರಿಸ್ವಾಮಿಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇಂಗ್ಲಿಷಿನಲ್ಲಿ 'ವೈ'ಯಿಂದ ಶುರುವಾದರೆ ಆಧಾರ್‌ನಲ್ಲಿ 'ಇ'ಯಿಂದ ಶುರುವಾಗುತ್ತದೆ. ಆಂಧ್ರದ ಗಡಿಯಾದ್ದರಿಂದ ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ನೋಡಿದ ಮನುಷ್ಯನಿಗೆ ಅವನು ಒಬ್ಬನೇ, ಕಂಪ್ಯೂಟರಿಗೆ ಇಬ್ಬರು. ಕ್ರೆಡಿಟ್ ಖಾತೆಗೆ ಬೇಕಾದ 12 ಅಂಕಿಯ ಅಪಾರ್ ಸಂಖ್ಯೆ ಮಾಡಿಸಲು ಬಂದವರು ಎಡವುವುದು ಇಲ್ಲೇ. ಪ್ರವೇಶದ ದಿನವೇ ದಾಖಲೆಗಳನ್ನು ಎದುರಿಟ್ಟುಕೊಂಡು ಹೆಸರು ತಾಳೆ ನೋಡುವ ಹೊಣೆಯನ್ನು ಕಾಲೇಜಿಗೆ ಕೊಡಿ. ಕೊನೆಯ ಸೆಮಿಸ್ಟರಿನಲ್ಲಿ ಇದು ಬಯಲಾದರೆ ಹುಡುಗನ ಒಂದು ವರ್ಷಕ್ಕೇ ಕುತ್ತು.

ಎರಡನೆಯದು ವಿಷಯ. ಸ್ವಯಂ ಕೋರ್ಸಿನ ಹೆಸರು ಒಂದಿರುತ್ತದೆ, ನಮ್ಮ ಪಠ್ಯಕ್ರಮದ ಪತ್ರಿಕೆಯ ಹೆಸರು ಮತ್ತೊಂದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಹಿಂದಿನ ಬ್ಯಾಚಿಗೂ ಮುಂದಿನ ಬ್ಯಾಚಿಗೂ ಪಠ್ಯಕ್ರಮವೇ ಬೇರೆ. ಯಾವುದಕ್ಕೆ ಯಾವುದು ಸಮ ಎಂದು ಹೇಳಬೇಕಾದವರು ಅಧ್ಯಯನ ಮಂಡಳಿಯವರು. ಅವರು ಪ್ರತಿ ಬ್ಯಾಚಿಗೂ ಸಮಾನತೆಯ ಪಟ್ಟಿ ಮಾಡಿ, ಸೆಮಿಸ್ಟರ್ ಶುರುವಾಗುವ ಮುನ್ನ ಪ್ರಕಟಿಸಲಿ. ಪರೀಕ್ಷೆ ಪಾಸಾದ ಮೇಲೆ "ಇದು ನಡೆಯುವುದಿಲ್ಲ" ಎನ್ನುವುದು ನ್ಯಾಯವಲ್ಲ.

ಮೂರನೆಯದು ದಿನಾಂಕ. ಸ್ವಯಂ ನಡೆಯುವುದು ಜನವರಿ ಮತ್ತು ಜುಲೈ ಸರದಿಯಲ್ಲಿ. ನಮ್ಮ ಸೆಮಿಸ್ಟರುಗಳಿಗೆ ಅವುಗಳದೇ ಲೆಕ್ಕ. ಕಾಲೇಜಿನ ಫಲಿತಾಂಶ ಪ್ರಕಟವಾದ ಮೇಲೆ ಬರುವ ಅಂಕಕ್ಕೂ ಯುಯುಸಿಎಂಎಸ್‌ನಲ್ಲಿ ಜಾಗ ಇರಬೇಕು, ಅದನ್ನು ಸೇರಿಸಲು ಗಡುವು ಇರಬೇಕು, ಗಡುವು ಮೀರಿದರೆ ಉತ್ತರಿಸಲು ಒಬ್ಬ ಅಧಿಕಾರಿ ಇರಬೇಕು. ಆ ಅಧಿಕಾರಿ ಕುಲಸಚಿವರು (ಮೌಲ್ಯಮಾಪನ) ಎಂದು ಆದೇಶದಲ್ಲೇ ಬರೆಯಿರಿ.

ಇದು ಆಗದ ಮಾತೇನಲ್ಲ. ಫಿನ್ಲೆಂಡ್, ನಾರ್ವೆ, ಸ್ವೀಡನ್ ಮೊದಲಾದ ದೇಶಗಳು 2015ರಲ್ಲೇ ಎಮ್ರೆಕ್ಸ್ ಎಂಬ ಯೋಜನೆ ಕೈಗೆತ್ತಿಕೊಂಡವು. ಬೇರೆ ದೇಶದಲ್ಲಿ ಓದಿದ ವಿದ್ಯಾರ್ಥಿ ಲಾಗಿನ್ ಆಗಿ, ಮುಗಿಸಿದ ಕೋರ್ಸುಗಳನ್ನು ಆರಿಸಿ ಒಪ್ಪಿಗೆ ಕೊಟ್ಟರೆ ಸಾಕು, ಅಂಕಗಳು ತವರು ವಿಶ್ವವಿದ್ಯಾಲಯದ ಕಡತಕ್ಕೆ ನೇರವಾಗಿ ಹೋಗುತ್ತವೆ. ದೇಶಗಳ ಗಡಿ ದಾಟಿ ಸಾಧ್ಯವಾದದ್ದು ಬಳ್ಳಾರಿಯಲ್ಲಿ ಯಾಕಾಗಬಾರದು?

ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇಲ್ಲಿ 2010ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ನಾವು ಗುಲ್ಬರ್ಗ ವಿಶ್ವವಿದ್ಯಾಲಯದ ವ್ಯಾಪ್ತಿಯವರು, ನಮ್ಮ ಮಕ್ಕಳ ಕಡತ ಇದ್ದದ್ದು ಕಲಬುರಗಿಯಲ್ಲಿ. ವಿಶ್ವವಿದ್ಯಾಲಯವನ್ನು ಊರಿಗೇ ತಂದುಕೊಟ್ಟ ಸರ್ಕಾರಕ್ಕೆ ಅಂಕವನ್ನು ಅಂಕಪಟ್ಟಿಗೆ ತಲುಪಿಸುವುದು ದೊಡ್ಡ ಕೆಲಸವಲ್ಲ. ಪ್ರಯೋಗಕ್ಕೆ ನಮ್ಮ ವಿಶ್ವವಿದ್ಯಾಲಯವನ್ನೇ ಆರಿಸಿ. ಒಂದೇ ಸೆಮಿಸ್ಟರ್ ನಡೆಸಿ ನೋಡಿ, ಸರಿಬಂದರೆ ರಾಜ್ಯಕ್ಕೆಲ್ಲ ಹಬ್ಬಿಸಿ.

ಈ ಬೇಡಿಕೆ ಈಡೇರಿದರೆ ನನ್ನ ವ್ಯಾಪಾರ ಒಂದಿಷ್ಟು ಇಳಿಯುತ್ತದೆ. ಅಡ್ಡಿಯಿಲ್ಲ, ಹಾಲ್‌ಟಿಕೆಟ್ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ ಹೇಗೂ ಇವೆ. ನಿಮ್ಮಿಂದ ಬೇಕಾದದ್ದು ಒಂದೇ ಸುತ್ತೋಲೆ: ಹೆಸರು ತಾಳೆ ನೋಡುವವರು ಯಾರು, ಸಮಾನತೆಯ ಪಟ್ಟಿ ಯಾವತ್ತು, ಅಂಕ ಸೇರಿಸಲು ಗಡುವು ಎಷ್ಟು. ಮುಂದಿನ ಜುಲೈ ಸರದಿಯ ನೋಂದಣಿ ತೆರೆಯುವ ಮೊದಲು ಅದನ್ನು ಹೊರಡಿಸಿ. ಅದರ ಪ್ರತಿಯನ್ನು ಅಂಗಡಿ ಮುಂದೆ ಅಂಟಿಸುವ ಕೆಲಸ ನನಗಿರಲಿ.

ಇಂತಿ ತಮ್ಮ ವಿಶ್ವಾಸಿ,
ಝೆರಾಕ್ಸ್ ಅಂಗಡಿಯವ,
ಸತ್ಯನಾರಾಯಣಪೇಟೆ, ಬಳ್ಳಾರಿ